ಒರಳುಕಲ್ಲು ಇದ್ದ ಜಾಗಕ್ಕೆ ಬಂದ ಡ್ರಿಲ್ಲಿಂಗ್ ಮಷಿನ್: 13 ಎಂ.ಎಂ. ಬೆಂಚ್ ಡ್ರಿಲ್, ಎರಡು ವರ್ಷ ಬಳಸಿದ ಮೇಲೆ

ಉಯ್ಯಾಲೆ ಮಣೆಯಿಂದ ಶುರು ಮಾಡುತ್ತೇನೆ, ಯಾಕಂದ್ರೆ ಈ ಮಷಿನ್ ಮನೆಗೆ ಬಂದಿದ್ದೇ ಅದರಿಂದ. ಹಳೇ ಮನೆಯ ಬಾಗಿಲಿನ ತೇಗದ ಹಲಗೆ ಒಂದಿತ್ತು, ಒಂದೂವರೆ ಇಂಚು ದಪ್ಪ. ನಾಲ್ಕು ಮೂಲೆಗೆ 12 ಎಂ.ಎಂ. ತೂತು ಕೊರೆದು, ಬೋಲ್ಟ್ ಇಳಿಸಿ, ಸರಪಳಿಗೆ ತೂಗುಹಾಕಬೇಕು. ಅಷ್ಟೇ ಕೆಲಸ. ಕೈ ಡ್ರಿಲ್ಲಿನಲ್ಲೇ ಕೊರೆದೆ. ಮೇಲಿಂದ ನೋಡಿದರೆ ನಾಲ್ಕೂ ತೂತು ಗುರುತಿನ ಮೇಲೇ ಇದ್ದವು. ಮಗುಚಿ ನೋಡಿದರೆ ಒಂದು 4 ಎಂ.ಎಂ. ಆಚೆ, ಇನ್ನೊಂದು ಅಷ್ಟೇ ಈಚೆ. ಬೋಲ್ಟ್ ಓರೆ ನಿಂತವು, ಸರಪಳಿ ಓರೆ ಎಳೆಯಿತು, ಮಣೆ ತೂಗಿದಾಗಲೆಲ್ಲ ಒಂದು ಮೂಲೆಯಲ್ಲಿ ಕಿರ್ ಅನ್ನುತ್ತಿತ್ತು. ಅದು ಎಪ್ಪತ್ತು ವರ್ಷದ ಹಲಗೆ, ಮತ್ತೆ ಸಿಗುವುದಲ್ಲ. ಆ ಬೇಸರ ಬಹಳ ದಿನ ಇತ್ತು.

ಕೈ ಡ್ರಿಲ್ಲನ್ನು ಸಿಕ್ಕಿಸುವ ಸ್ಟ್ಯಾಂಡ್ ಕೂಡ ನೋಡಿದೆ, ಎರಡು ಸಾವಿರದೊಳಗೆ ಸಿಗುತ್ತದೆ. ಗೆಳೆಯನ ಬಳಿ ಇತ್ತು, ಒಂದು ವಾರ ತಂದು ಬಳಸಿದೆ. ಸ್ಟ್ಯಾಂಡಿನ ಕಂಬ ತೆಳು, ಹಿಡಿ ಒತ್ತಿದ ಕೂಡಲೇ ತಲೆ ಹಿಂದಕ್ಕೆ ಬಾಗುತ್ತದೆ. ಪ್ಲೈವುಡ್‌ಗೆ ಸಣ್ಣ ತೂತು ಕೊರೆಯೋಕೆ ಪರವಾಗಿಲ್ಲ, ತೇಗಕ್ಕೂ ಕಬ್ಬಿಣಕ್ಕೂ ಆಗದು. ಆಗ ನಿರ್ಧಾರ ಮಾಡಿದೆ, ಬುಡ, ಕಂಬ ಎಲ್ಲ ಬೀಡಿನದ್ದೇ (ಎರಕದ ಕಬ್ಬಿಣ) ಆಗಿರುವ, ಬೆಂಚಿನ ಮೇಲೆ ಕೂರಿಸುವ ಡ್ರಿಲ್ಲಿಂಗ್ ಮಷಿನ್ನೇ ಬೇಕು ಅಂತ.

ಮೈಸೂರಿನಲ್ಲಿ ಎರಡು ಅಂಗಡಿ ವಿಚಾರಿಸಿ, ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ. ಟೌನ್‌ಹಾಲ್ ಹತ್ತಿರದ ಆ ರಸ್ತೆಗೆ ಹೋಗದವರಿಗೆ ಒಂದು ಮಾತು: ಎಲೆಕ್ಟ್ರಾನಿಕ್ಸ್ ಸಿಗುವ ಎಸ್‌ಪಿ ರಸ್ತೆ ಬೇರೆ, ಇದು ಬೇರೆ. ಇಲ್ಲಿ ಮೋಟರು, ಪಂಪು, ಬೇರಿಂಗು, ಮಷಿನ್ನು, ನಟ್ಟು ಬೋಲ್ಟು. ಶನಿವಾರ ಬೆಳಗ್ಗೆ ಹತ್ತೂವರೆಗೆ ಹೋಗಿ, ಐದು ಅಂಗಡಿಯಲ್ಲಿ ಐದು ಮಷಿನ್ನಿನ ಹಿಡಿ ಒತ್ತಿ ನೋಡಿದೆ. ಒಬ್ಬರು ಅಂಗಡಿಯವರು ಕೇಳಿದರು, "ಮನೆಗಾ ಸಾರ್, ಫ್ಯಾಕ್ಟರಿಗಾ?" ಮನೆಗೆ ಅಂದೆ. "ಹಂಗಾದ್ರೆ ಹಗುರದ್ದು ತಗೊಳ್ಳಿ, ಎಂಟು ಸಾವಿರದ್ದು" ಅಂದರು. ಹಗುರದ್ದರ ಚಕ್, ಅಂದರೆ ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ, ಹಿಡಿದು ಅಲ್ಲಾಡಿಸಿದೆ, ಕೈಗೇ ಗೊತ್ತಾಗುವಷ್ಟು ಆಡಿತು. ಪಕ್ಕದಲ್ಲೇ ಇದ್ದ ಭಾರದ ಮಷಿನ್ನಿನ ಚಕ್ ಅಲ್ಲಾಡಲಿಲ್ಲ. ಮನೆ ಕೆಲಸ ಅಂದ ಮಾತ್ರಕ್ಕೆ ತೂತು ಓರೆ ಆಗಬಹುದು ಅಂತೇನಿಲ್ಲ ಅಲ್ವಾ?

ತಂದಿದ್ದು ಭಾರದ್ದನ್ನೇ. 13 ಎಂ.ಎಂ. ಚಕ್, ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್, ವೇಗ ಬದಲಿಸೋಕೆ ನಾಲ್ಕು ಮೆಟ್ಟಿಲಿನ ಪುಲ್ಲಿ, ತೂಕ 52 ಕೆ.ಜಿ. ಮೋಟರ್, ಜಿಎಸ್‌ಟಿ ಎಲ್ಲ ಸೇರಿ 16,800 ರೂಪಾಯಿ ಕೊಟ್ಟೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಲುಧಿಯಾನ, ಬಟಾಲಾ, ರಾಜ್‌ಕೋಟ್ ಕಡೆಯಿಂದ ಬರುವ ಈ ಮಾದರಿಯ ಮಷಿನ್ನುಗಳು ನನ್ನ ಕಣ್ಣಿಗೆ ಹೆಚ್ಚು ಕಮ್ಮಿ ಅಣ್ಣತಮ್ಮಂದಿರ ಹಾಗೇ ಕಂಡವು. ಹಾಗಾಗಿ ನಾನು ಹೇಳುವುದು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ.

ಒಂದು ವಿಷಯ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ನಮ್ಮಲ್ಲಿ 13 ಎಂ.ಎಂ., 20 ಎಂ.ಎಂ., 25 ಎಂ.ಎಂ. ಮಷಿನ್ ಅಂತಾರೆ, ಅಂದರೆ ಕಬ್ಬಿಣದಲ್ಲಿ ಎಷ್ಟು ದೊಡ್ಡ ತೂತು ಕೊರೆಯಬಲ್ಲದು ಅನ್ನುವ ಲೆಕ್ಕ. ಅಮೆರಿಕದ ವಿಡಿಯೋಗಳಲ್ಲಿ 10 ಇಂಚು, 12 ಇಂಚು ಡ್ರಿಲ್ ಪ್ರೆಸ್ ಅಂತಾರಲ್ಲ, ಅದು ಬೇರೆ ಲೆಕ್ಕ. ಕಂಬದಿಂದ ಚಕ್ಕಿನ ನಡುವಿಗೆ ಎಷ್ಟು ದೂರವೋ ಅದರ ಎರಡರಷ್ಟು. ಮರದ ಕೆಲಸ ಮಾಡುವವರಿಗೆ ಮುಖ್ಯವಾಗುವುದು ಈ ಎರಡನೇ ಲೆಕ್ಕವೇ, ಆದರೆ ನಮ್ಮ ಅಂಗಡಿಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಟೇಪ್ ತಗೊಂಡು ಹೋಗಿ ನೀವೇ ಅಳೆಯಿರಿ. ನನ್ನದರಲ್ಲಿ 170 ಎಂ.ಎಂ. ಇದೆ. ಅಂದರೆ ಒಂದಡಿಗಿಂತ ಸ್ವಲ್ಪ ಜಾಸ್ತಿ ಅಗಲದ ಹಲಗೆಯ ನಟ್ಟನಡುವೆ ತೂತು ಕೊರೆಯಬಹುದು, ಅದಕ್ಕಿಂತ ಅಗಲ ಆದರೆ ಆಗದು.

ಸಾಗಾಣಿಕೆ ಕಥೆ ಚಿಕ್ಕದಾಗಿ ಹೇಳುತ್ತೇನೆ. ಲಾರಿ ಪಾರ್ಸೆಲ್‌ನಲ್ಲಿ ಹಾಕಿಸಿದೆ. ಮೂರನೇ ದಿನ ಬಂತು. ಹೋಗಿ ನೋಡಿದರೆ ಮರದ ಪೆಟ್ಟಿಗೆ ತಲೆಕೆಳಗಾಗಿ ಬಿದ್ದಿತ್ತು. ಹಿಡಿಯ ಒಂದು ಗುಂಡು ಒಡೆದಿತ್ತು, ಮೋಟರಿನ ಮೇಲಿನ ಕೆಪಾಸಿಟರ್ (ಮೋಟರ್ ಶುರುವಾಗೋಕೆ ಬೇಕಾದ ಭಾಗ) ಡಬ್ಬಿ ನೆಗ್ಗಿತ್ತು. ಪಾರ್ಸೆಲ್ ಆಫೀಸಿನವರು ಕೈ ಚೆಲ್ಲಿದರು. ಅಂಗಡಿಯವರು ಮಾತ್ರ ಫೋಟೋ ಕಳಿಸಿದ ನಾಲ್ಕೇ ದಿನಕ್ಕೆ ಹೊಸ ಗುಂಡು ಕೊರಿಯರ್ ಮಾಡಿದರು, ದುಡ್ಡು ಕೇಳಲಿಲ್ಲ. ನೀವು ತರಿಸುವುದಾದರೆ ತಲೆ, ಕಂಬ, ಬುಡ ಮೂರನ್ನೂ ಬಿಚ್ಚಿಸಿ ಬೇರೆ ಬೇರೆ ಕಟ್ಟಿಸಿ. ಬಿಚ್ಚುವುದಕ್ಕೆ ಕಷ್ಟವೇನಿಲ್ಲ, ಎರಡು ಬೋಲ್ಟ್ ಸಡಿಲ ಮಾಡಿದರೆ ಬರುತ್ತದೆ, ಮನೆಯೊಳಗೆ ಹೊರುವುದಕ್ಕೂ ಸುಲಭ.

ಇನ್ನು ಜಾಗದ ಮಾತು. ಬರೆಯಬೇಕು ಅನಿಸಿದ್ದೇ ಇದಕ್ಕೆ.

ನಮ್ಮದು 30x40 ಸೈಟಿನ ಮನೆ. ವರ್ಕ್‌ಶಾಪ್ ಅಂತ ನಾನು ಕರೆಯುವುದು ಮೆಟ್ಟಿಲ ಕೆಳಗಿನ ಜಾಗವನ್ನು, ಆರಡಿ ಉದ್ದ, ನಾಲ್ಕಡಿ ಅಗಲ, ಅದರ ಮುಂದೆ ಪಾತ್ರೆ ತೊಳೆಯುವ ಕಟ್ಟೆ. ಅಲ್ಲಿ ಅಕ್ಕಿ ಡ್ರಮ್ಮು, ಹಳೇ ಪೇಪರು, ಮಗಳ ಚಿಕ್ಕ ಸೈಕಲ್ಲು ಎಲ್ಲ ಇದ್ದವು. ಬುಡದ ಅಳತೆ ತೆಗೆದೆ, 14 ಇಂಚಿಗೆ 9 ಇಂಚು. ಅಯ್ಯೋ, ಇಷ್ಟೇನಾ, ಎಲ್ಲಾದರೂ ಕೂರುತ್ತೆ ಅಂದುಕೊಂಡೆ. ಅಮ್ಮ ಬಂದು ನೋಡಿ, "ಒರಳುಕಲ್ಲು ಇದ್ದ ಜಾಗದಲ್ಲೇ ಇಡೋ, ಅಲ್ಲಿ ನೆಲ ಗಟ್ಟಿ" ಅಂದರು. ಗ್ರೈಂಡರ್ ಬಂದ ಮೇಲೆ ಒರಳನ್ನು ಹಿತ್ತಲಿಗೆ ಸಾಗಿಸಿದ್ದೆವು, ಅದರ ಗುರುತು ನೆಲದ ಮೇಲೆ ಇನ್ನೂ ಇತ್ತು. ಅಮ್ಮ ಹೇಳಿದ್ದು ಬರೀ ಭಾರದ ಮಾತು. ಆದರೆ ಒರಳನ್ನು ಹಿಂದಿನವರು ಅಲ್ಲಿ ಯಾಕೆ ಇಟ್ಟಿದ್ದರು ಅಂತ ಆಮೇಲೆ ಹೊಳೆಯಿತು. ರುಬ್ಬುವವರು ಕಾಲು ಚಾಚಿ ಕೂರಬೇಕು, ಕೈ ಪೂರ್ತಿ ಸುತ್ತಬೇಕು, ಪಕ್ಕದಲ್ಲಿ ಪಾತ್ರೆ ಇಡಬೇಕು. ಕಲ್ಲು ಒಂದೂವರೆ ಅಡಿ, ರುಬ್ಬುವುದಕ್ಕೆ ಬೇಕಾಗುವುದು ಐದಡಿ.

ಡ್ರಿಲ್ಲಿಂಗ್ ಮಷಿನ್ನೂ ಹಾಗೇ. ಕೂರುವುದಕ್ಕೆ ಒಂದಡಿ ಸಾಕು. ಆದರೆ ಎಂಟಡಿ ಪೈಪಿನ ನಡುವೆ ತೂತು ಕೊರೆಯಬೇಕಾದಾಗ ಎಡಕ್ಕೆ ನಾಲ್ಕಡಿ, ಬಲಕ್ಕೆ ನಾಲ್ಕಡಿ ಖಾಲಿ ಬೇಕು. ನಾನು ಮೊದಲ ತಿಂಗಳು ಮಷಿನ್ನನ್ನು ಮೂಲೆಗೆ ಒತ್ತರಿಸಿ ಇಟ್ಟಿದ್ದೆ. ಬಲಗಡೆ ಗೋಡೆ. ಹಿಡಿಯ ಮೂರು ಕೈಗಳು ಇರುವುದೂ ಬಲಕ್ಕೇ, ತಿರುಗಿಸುವಾಗ ಪ್ರತಿ ಸಲ ಬೆರಳ ಗಂಟು ಗೋಡೆಗೆ ಉಜ್ಜುತ್ತಿತ್ತು. ಯಾವ ಉದ್ದದ ಕೆಲಸವೂ ಆಗಲಿಲ್ಲ. ಆಮೇಲೆ ಮೂಲೆ ಬಿಟ್ಟು, ಕಿಟಕಿ ಎಡಕ್ಕೆ ಬರುವ ಹಾಗೆ, ಸ್ವಲ್ಪ ಓರೆಯಾಗಿ ತಿರುಗಿಸಿ ಇಟ್ಟೆ. ಮಷಿನ್ನಿನ ಟೇಬಲ್ಲನ್ನು ಕಿಟಕಿಯ ಕಟ್ಟೆಗಿಂತ ಎರಡು ಬೆರಳು ಮೇಲೆ ನಿಲ್ಲಿಸಿದರೆ ಉದ್ದದ ಪೈಪು ಕಿಟಕಿ ಸರಳುಗಳ ನಡುವಿಂದ ಹೊರಗೆ ಹೋಗುತ್ತದೆ, ಬಲಗಡೆಯ ತುದಿ ಬಾಗಿಲ ಕಡೆಗೆ. ಈಗ ಹತ್ತಡಿ ಪೈಪಿಗೂ ತೊಂದರೆಯಿಲ್ಲ. ಹೊರಗೆ ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಗಿಸುವ ತಂತಿ ಇದೆ, ಹಾಗಾಗಿ ಶುರು ಮಾಡುವ ಮುಂಚೆ ಒಂದು ಸಲ ಕೂಗಿ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಎಲ್ಲಿಡಬೇಕು ಅಂತ ಯೋಚಿಸುವಾಗ ಮಷಿನ್ ಬರುವ ಮುಂಚೆಯೇ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ನಿಮ್ಮಲ್ಲಿರುವ ಅತಿ ಉದ್ದದ ಹಲಗೆ ಇಟ್ಟು, ಎರಡೂ ಕಡೆ ಜರುಗಿಸಿ ನೋಡಿ. ಹತ್ತು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಸ್ಟ್ಯಾಂಡ್ ಬಗ್ಗೆ. ಮರದ ಬೆಂಚಿನ ಮೇಲೆ ಇಡುವ ಯೋಚನೆ ಇತ್ತು, ಆದರೆ ಬೆಂಚಿನ ಮೇಲೆ ಕೂರಿಸಿದರೆ ಆ ಬೆಂಚು ಇನ್ನು ಅದರದ್ದೇ, ಬೇರೆ ಯಾವುದಕ್ಕೂ ಸಿಗದು. 50 ಎಂ.ಎಂ. ಆ್ಯಂಗಲ್ಲಿನಲ್ಲಿ ನಾಲ್ಕು ಕಾಲಿನ ಸ್ಟ್ಯಾಂಡ್ ವೆಲ್ಡ್ ಮಾಡಿಸಿ, ಮೇಲೆ ಕಡಪ ಕಲ್ಲು ಕೂರಿಸಿದೆ. ಅಡುಗೆಮನೆ ಕಟ್ಟೆಯಿಂದ ಉಳಿದಿದ್ದ ತುಂಡು ಅದು. ಕಲ್ಲಿಗೆ ತೂತು ಕೊರೆದು, ನಡುವೆ ಹಳೇ ಟೈರ್ ಟ್ಯೂಬಿನ ತುಂಡು ಹಾಕಿ, ಎರಡು 10 ಎಂ.ಎಂ. ಬೋಲ್ಟ್‌ನಲ್ಲಿ ಬುಡವನ್ನು ಬಿಗಿದಿದ್ದೇನೆ. ಬೋಲ್ಟ್ ಹಾಕುವುದನ್ನು ದಯವಿಟ್ಟು ಬಿಡಬೇಡಿ. ಈ ಮಷಿನ್ನಿನ ಭಾರವೆಲ್ಲ ಮೇಲೆ, ತಲೆಯಲ್ಲಿ. ಬಿಟ್ ಸಿಕ್ಕಿಕೊಂಡು ಎಳೆದರೆ ಮುಂದಕ್ಕೆ ಮಗುಚುತ್ತದೆ. ಎತ್ತರ ಮೊದಲು 32 ಇಂಚು ಮಾಡಿಸಿದ್ದೆ, ಹಿಡಿ ಭುಜದ ಮೇಲಕ್ಕೆ ಹೋಯಿತು, ಒತ್ತಿ ಒತ್ತಿ ಸಂಜೆಗೆ ತೋಳು ನೋವು. ಕಾಲು ಕತ್ತರಿಸಿ 26 ಇಂಚಿಗೆ ಇಳಿಸಿದೆ. ಈಗ ಟೇಬಲ್ ಮೊಣಕೈ ಮಟ್ಟಕ್ಕೆ ಬರುತ್ತದೆ, ಬಿಟ್ಟಿನ ತುದಿ ಬಗ್ಗದೇ ಕಾಣಿಸುತ್ತದೆ. ಸ್ಟ್ಯಾಂಡಿನ ಕೆಳಗೆ ಅಕ್ಕಿ ಡ್ರಮ್ಮು ಸರಿಯಾಗಿ ಕೂತಿತು, ಅಮ್ಮನಿಗೆ ಸಮಾಧಾನ. ಕಬ್ಬಿಣದ ಪುಡಿ ಬೀಳದ ಹಾಗೆ ಅದಕ್ಕೊಂದು ಮುಚ್ಚಳದ ಮೇಲೆ ಮುಚ್ಚಳ.

ಈಗ ಮಷಿನ್ ಹೇಗಿದೆ ಅನ್ನುವ ಪ್ರಶ್ನೆ. ಪೆಟ್ಟಿಗೆಯಿಂದ ತೆಗೆದ ದಿನ ಇದ್ದ ಹಾಗೇ ಬಳಸಿದ್ದರೆ ಐದಕ್ಕೆ ಮೂರು ಕೊಡುತ್ತಿದ್ದೆ. ಎರಡು ದಿನ ಕೂತು ಸರಿ ಮಾಡಿದ ಮೇಲೆ ನಾಲ್ಕೂವರೆ.

ಮೊದಲು ಚಕ್. ಲೇತ್ ಇಟ್ಟಿರುವ ಗೆಳೆಯನಿಂದ ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ತಂದು, ಚಕ್ಕಿನಲ್ಲಿ ನೇರವಾದ ಸರಳು ಹಿಡಿಸಿ, ಕೈಯಲ್ಲಿ ನಿಧಾನ ತಿರುಗಿಸಿದೆ. ಮುಳ್ಳು 0.15 ಎಂ.ಎಂ. ಆಡಿತು. ಇದು ಜಾಸ್ತಿಯೇ. ಚಕ್ಕನ್ನು ಸ್ಪಿಂಡಲ್‌ಗೆ (ತಿರುಗುವ ದಂಡಕ್ಕೆ) ಹಿಡಿದಿಡುವುದು ಸ್ಕ್ರೂ ಅಲ್ಲ, ಬರೀ ಕೂರು ಬಿಗಿ: ಮೊನಚಾಗುತ್ತಾ ಹೋಗುವ ಉಕ್ಕಿನ ಗೂಟ ಅದೇ ಆಕಾರದ ಗುಳಿಯಲ್ಲಿ ಕಚ್ಚಿಕೊಂಡಿರುತ್ತದೆ. ಅದನ್ನು ಟೇಪರ್ ಅಂತಾರೆ. ಬೆಣೆ ಹೊಡೆದು ಬಿಡಿಸಿ ನೋಡಿದರೆ ಒಳಗೆ ಕಾರ್ಖಾನೆಯ ಗ್ರೀಸಿನ ಜೊತೆ ಕೂದಲೆಳೆಯಷ್ಟು ಕಬ್ಬಿಣದ ಪುಡಿ ಅಂಟಿತ್ತು. ಸೀಮೆಎಣ್ಣೆಯಲ್ಲಿ ಎರಡನ್ನೂ ತೊಳೆದು, ಹತ್ತಿ ಬಟ್ಟೆಯಲ್ಲಿ ಒಣಗಿಸಿ, ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಗೆ ಎಳೆದುಕೊಂಡು, ಮರದ ಕೊಡತಿಯಿಂದ ಕೆಳಗಿನಿಂದ ಒಂದೇ ಏಟು ಕೊಟ್ಟು ಕೂರಿಸಿದೆ. ಮತ್ತೆ ಅಳೆದರೆ 0.06. ಆ ಒಂದು ಕೂದಲೆಳೆ ಪುಡಿಗೆ ಇಷ್ಟು ವ್ಯತ್ಯಾಸ! ಹೊಸ ಚಕ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ಆಮೇಲೆ ಟೇಬಲ್. ಇದನ್ನು ನೋಡುವುದಕ್ಕೆ ಗೇಜೂ ಬೇಡ. ದಪ್ಪ ತಂತಿಯನ್ನು ಝಡ್ ಆಕಾರಕ್ಕೆ ಬಗ್ಗಿಸಿ ಒಂದು ತುದಿಯನ್ನು ಚಕ್ಕಿಗೆ ಹಾಕಿ, ಇನ್ನೊಂದು ತುದಿ ಟೇಬಲ್ಲಿಗೆ ತಾಗುವ ಹಾಗೆ ಇಳಿಸಿ, ಕೈಯಲ್ಲೇ ಸುತ್ತ ತಿರುಗಿಸಿ. ನಾಲ್ಕೂ ಕಡೆ ಒಂದೇ ಸಮ ಉಜ್ಜಬೇಕು. ನನ್ನದು ಹಿಂದೆ ಉಜ್ಜಿತು, ಮುಂದೆ ಮೂರು ಹಾಳೆ ಪೇಪರ್ ತೂರುವಷ್ಟು ಸಂದು. ಎಡಬಲ ಸರಿಮಾಡುವುದಕ್ಕೆ ಟೇಬಲ್ ಕೆಳಗೆ ಬೋಲ್ಟ್ ಇರುತ್ತದೆ, ಹಿಂದುಮುಂದಕ್ಕೆ ಏನೂ ಇರುವುದಿಲ್ಲ. ಕೂಲ್‌ಡ್ರಿಂಕ್ ಟಿನ್ನನ್ನು ಕತ್ತರಿಸಿ, ಆ ತೆಳು ತಗಡನ್ನು ಟೇಬಲ್ಲಿನ ಹಿಡಿಕೆ ಕಂಬಕ್ಕೆ ಕೂರುವ ಕಡೆ ಕೆಳಭಾಗಕ್ಕೆ ತೂರಿಸಿ ಬಿಗಿ ಮಾಡಿದೆ. ಎರಡು ವರ್ಷ ಆಯಿತು, ಹಾಗೇ ಇದೆ. ಮೂಲೆಮಟ್ಟ ಇಟ್ಟು ನೋಡಿದರೆ ಬಿಟ್ ನೆಟ್ಟಗೆ.

ಕಬ್ಬಿಣದಲ್ಲಿ ಕೆಲಸ ಚೆನ್ನಾಗಿದೆ. ವೇಗ ಬದಲಿಸೋಕೆ ಮುಚ್ಚಳ ತೆಗೆದು ಬೆಲ್ಟನ್ನು ಬೇರೆ ಮೆಟ್ಟಿಲಿಗೆ ಹಾಕಬೇಕು, ಅರ್ಧ ನಿಮಿಷ. ನನ್ನದರಲ್ಲಿ ಕಡಿಮೆ ಅಂದರೆ ನಿಮಿಷಕ್ಕೆ 500 ಸುತ್ತು, ಜಾಸ್ತಿ ಅಂದರೆ 2,600. ಸಾದಾ ಕಬ್ಬಿಣಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಸುಲಭದ್ದು: 8,000ವನ್ನು ಬಿಟ್ಟಿನ ಎಂ.ಎಂ.ನಿಂದ ಭಾಗಿಸಿ. 6 ಎಂ.ಎಂ. ಬಿಟ್ಟಿಗೆ 1,300 ಚಿಲ್ಲರೆ, 12ಕ್ಕೆ 650ರ ಆಸುಪಾಸು. ಸ್ಟೇನ್‌ಲೆಸ್ ಸ್ಟೀಲಾದರೆ ಅದರ ಅರ್ಧ. ಬಹಳ ಜನ ಎಲ್ಲದಕ್ಕೂ ಜೋರು ವೇಗದಲ್ಲೇ ಕೊರೆದು, ಬಿಟ್ಟಿನ ತುದಿ ನೀಲಿಯಾದ ಮೇಲೆ ಬಿಟ್ ಸರಿಯಿಲ್ಲ ಅಂತಾರೆ. ವೇಗ ಸರಿಯಿದ್ದು, ಎರಡು ಹನಿ ಎಣ್ಣೆ ಬಿಟ್ಟರೆ, ಬಿಟ್ಟಿನ ಎರಡೂ ಕಡೆಯಿಂದ ಚಕ್ಕುಲಿ ಸುತ್ತಿದ ಹಾಗೆ ಸುರುಳಿ ಎದ್ದು ಬರುತ್ತದೆ. ಅದು ಬಂದರೆ ಎಲ್ಲ ಸರಿಯಿದೆ ಅಂತ ಅರ್ಥ. ಆ ಸುರುಳಿಯನ್ನು ಕೈಯಲ್ಲಿ ಮಾತ್ರ ಎಳೆಯಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಮರದಲ್ಲಿ ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಗೊತ್ತಾಗಿದ್ದು ಅಳಗುಳಿಮಣೆ ಮಾಡುವಾಗ. ಅತ್ತೆಗೆ ಬಹಳ ದಿನದ ಆಸೆ ಅದು. ಹಲಸಿನ ಹಲಗೆ, 20 ಇಂಚು ಉದ್ದ, 6 ಇಂಚು ಅಗಲ. ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ. ಮಷಿನ್ನಿನ ಟೇಬಲ್ ಮೇಲೆ ಒಂದು ನೇರ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ, ಹಲಗೆಯ ಅಂಚನ್ನು ಅದಕ್ಕೆ ಒರಗಿಸಿ ಒಂದು ಸಾಲು ಮುಗಿಸಿದೆ. ಹಲಗೆಯನ್ನು ತಿರುಗಿಸಿ ಇನ್ನೊಂದು ಅಂಚು ಒರಗಿಸಿದರೆ ಎರಡನೇ ಸಾಲು ತಾನಾಗಿ ಅಷ್ಟೇ ದೂರಕ್ಕೆ ಬಂತು. ಮರದಲ್ಲಿ ಚಪ್ಪಟೆ ತಳದ ಗುಳಿ ತೆಗೆಯುವ 50 ಎಂ.ಎಂ. ಫಾರ್ಸ್ಟ್‌ನರ್ ಬಿಟ್, ಅತಿ ಕಡಿಮೆ ವೇಗ. ಆಳಕ್ಕೆ ಮಷಿನ್ನಿನಲ್ಲೇ ಒಂದು ತಡೆ ಇದೆ, ಒಂದು ಉದ್ದದ ಸ್ಕ್ರೂ, ಅದರ ಮೇಲೆ ಎರಡು ನಟ್ಟು. 15 ಎಂ.ಎಂ.ಗೆ ಕಟ್ಟಿದೆ. ಹಿಡಿ ಇಳಿಸುತ್ತಾ ಹೋದರೆ ಟಕ್ ಅಂತ ನಿಲ್ಲುತ್ತದೆ. ಮರದ ವಾಸನೆ, ಹಳದಿ ಸಿಪ್ಪೆ, ಟಕ್. ಹದಿನಾಲ್ಕು ಸಲ. ಒಂದಕ್ಕಿಂತ ಒಂದು ಆಳ ಇಲ್ಲ. ಆಮೇಲೆ ತಳವನ್ನು ಉಳಿಯಿಂದ ಗುಂಡಗೆ ಮಾಡಿ ಮರಳು ಕಾಗದ ಹಾಕಿದ್ದು ಎರಡು ಸಂಜೆಯ ಕೆಲಸ. ಅತ್ತೆ ಹುಣಸೆ ಬೀಜ ಹಂಚಿ ಮೊದಲ ಆಟ ಆಡಿದ್ದು ನನ್ನ ಮಗಳ ಜೊತೆ, ಗೆದ್ದವರು ಅತ್ತೆಯೇ.

ಉಯ್ಯಾಲೆ ಮಣೆಯನ್ನೂ ಬಿಡಲಿಲ್ಲ. ಓರೆ ತೂತುಗಳಿಗೆ ತೇಗದ ಗೂಟ ಬಡಿದು ಅಂಟು ಹಾಕಿ, ಮತ್ತೆ ಇದರಲ್ಲಿ ನೆಟ್ಟಗೆ ಕೊರೆದೆ. ಕಿರ್ ಸದ್ದು ಹೋಯಿತು.

ಕೊರತೆಗಳೂ ಇವೆ. ಟೇಬಲ್ಲನ್ನು ಮೇಲೆ ಕೆಳಗೆ ಮಾಡಲು ತಿರುಗಣೆ ಇಲ್ಲ, ಬೋಲ್ಟ್ ಸಡಿಲಿಸಿ ಕೈಯಲ್ಲೇ ಎತ್ತಬೇಕು, ಅದೇ ಹತ್ತು ಕೆ.ಜಿ. ಮೇಲಿದೆ. ಒಂದು ಸಲ ಜಾರಿ ಬುಡಕ್ಕೆ ಬಡಿಯಿತು, ಪುಣ್ಯಕ್ಕೆ ಕೈ ಅಡ್ಡ ಇರಲಿಲ್ಲ. ಈಗ ಕೆಳಗೆ ಮರದ ದಿಮ್ಮಿ ಇಟ್ಟುಕೊಂಡೇ ಸಡಿಲಿಸುತ್ತೇನೆ. ನೀವು ಕೊಳ್ಳುವಾಗ ತಿರುಗಣೆ ಇರುವ ಮಾದರಿ ಸಿಕ್ಕರೆ ಒಂದೆರಡು ಸಾವಿರ ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಜೊತೆಗೆ ಬಂದ ಬೆಲ್ಟ್ ಒಂದೇ ವರ್ಷಕ್ಕೆ ಬಿರುಕು ಬಿಟ್ಟಿತು. ಹೊಸದು ಹಾಕಿದ ಮೇಲೆ ನಡುಕ ಕೂಡ ಕಮ್ಮಿಯಾಯಿತು. ಮಳೆಗಾಲದಲ್ಲಿ ಟೇಬಲ್ ವಾರಕ್ಕೇ ತುಕ್ಕು ಹಿಡಿಯುತ್ತದೆ, ಹೊಲಿಗೆ ಮಷಿನ್ ಎಣ್ಣೆ ಸವರಿ ಹಳೇ ಬನಿಯನ್ ಹೊದಿಸುತ್ತೇನೆ.

ಆದರೆ ದೊಡ್ಡ ಕೊರತೆ ಸ್ವಿಚ್ಚಿನದು. ಬಂದಿದ್ದು ಮನೆಯ ದೀಪಕ್ಕೆ ಹಾಕುವಂಥ ಸಾದಾ ಸ್ವಿಚ್. ಒಂದು ಮಧ್ಯಾಹ್ನ ಕೊರೆಯುತ್ತಿದ್ದಾಗ ಕರೆಂಟ್ ಹೋಯಿತು. ಸ್ವಿಚ್ ಆರಿಸದೆ ಊಟಕ್ಕೆ ಹೋದೆ. ಬಡಿಸಿಕೊಂಡು ಕೂತಿದ್ದೆ, ಕರೆಂಟ್ ಬಂತು, ಒಳಗಿಂದ ಮಷಿನ್ ತಾನೇ ತಿರುಗುವ ಸದ್ದು. ಮಗಳು ಆ ಹೊತ್ತಿಗೆ ಸೈಕಲ್ ತೆಗೆಯೋಕೆ ಅಲ್ಲಿಗೇ ಹೋಗಿದ್ದಳು. ಅವಳಿಗೇನೂ ಆಗಲಿಲ್ಲ, ಆದರೆ ನನಗೆ ಅನ್ನ ಇಳಿಯಲಿಲ್ಲ. ಮಾರನೇ ದಿನವೇ ನೋ ವೋಲ್ಟ್ ಸ್ವಿಚ್ ಹಾಕಿಸಿದೆ. ಅದರೊಳಗೆ ಒಂದು ಕಾಯಿಲ್ ಇರುತ್ತದೆ, ಕರೆಂಟ್ ಇರುವ ತನಕ ಸ್ವಿಚ್ಚನ್ನು ಹಿಡಿದುಕೊಂಡಿರುತ್ತದೆ, ಕರೆಂಟ್ ಹೋದ ತಕ್ಷಣ ಬಿಟ್ಟುಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವ ತನಕ ಮಷಿನ್ ಏಳುವುದಿಲ್ಲ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ದಿನದ ಮಾತು, ಇಂಥ ಮಷಿನ್ನಿಗೆ ಕಂಪನಿಯವರೇ ಇದನ್ನು ಹಾಕಿ ಕೊಡಬೇಕು. ಜೊತೆಗೆ ದೊಡ್ಡ ಸಾಕೆಟ್‌ನಿಂದ ನೇರ ವೈರ್ ಎಳೆಸಿ, ಅರ್ತಿಂಗ್ ನೋಡಿಸಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ, ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಕೆಲಸ ಮಾಡುವಾಗ ಕೈಗವಸು ಬೇಡವೇ ಬೇಡ. ಗ್ರೈಂಡಿಂಗಿಗೆ ಹಾಕುವ ಅಭ್ಯಾಸದಲ್ಲಿ ಇದಕ್ಕೂ ಹಾಕುತ್ತಾರೆ, ಬಿಟ್ಟಿಗೆ ಒಂದು ನೂಲು ಸಿಕ್ಕರೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಲುಂಗಿ, ದುಪಟ್ಟಾ, ಕತ್ತಿನ ಸರ, ಬಿಟ್ಟ ಕೂದಲು ಯಾವುದೂ ಬೇಡ. ಕನ್ನಡಕ ಹಾಕಿ. ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ, 1,400 ರೂಪಾಯಿಗೆ ತುಂಡನ್ನು ಕಚ್ಚಿ ಹಿಡಿಯುವ ಮಷಿನ್ ವೈಸ್ ಸಿಗುತ್ತದೆ, ಮೊದಲ ದಿನವೇ ತಗೊಳ್ಳಿ. ಉದ್ದದ ಪಟ್ಟಿಯಾದರೆ ಅದರ ತುದಿ ಕಂಬದ ಎಡಗಡೆಗೆ ತಾಗಿರುವ ಹಾಗೆ ಇಡಿ. ಬಿಟ್ ಸಿಕ್ಕಿ ಪಟ್ಟಿಯನ್ನು ತಿರುಗಿಸಿದರೂ ಅದು ಕಂಬಕ್ಕೆ ಬಡಿದು ನಿಲ್ಲುತ್ತದೆ, ನಿಮ್ಮ ಹೊಟ್ಟೆಗೆ ಬರುವುದಿಲ್ಲ.

ಮೊನ್ನೆ ಕೆಳಗಿನ ಬೀದಿಯ ಹುಡುಗನೊಬ್ಬ ಬಂದು, "ಅಂಕಲ್, ಸೆಕೆಂಡ್ ಹ್ಯಾಂಡ್ ಒಂದು ಆರು ಸಾವಿರಕ್ಕೆ ಬಂದಿದೆ, ತಗೊಳ್ಳಲಾ?" ಅಂದ. ಹೋಗಿ ನೋಡಿದೆವು. ಬಣ್ಣ ಪೂರ್ತಿ ಹೋಗಿತ್ತು, ಅದು ದೊಡ್ಡ ವಿಷಯವಲ್ಲ. ಹಿಡಿಯನ್ನು ಪೂರ್ತಿ ಕೆಳಗಿಳಿಸಿ ಚಕ್ಕನ್ನು ಹಿಂದೆಮುಂದೆ ಅಲ್ಲಾಡಿಸಿದೆ, ಆಡಲಿಲ್ಲ. ಬೆಲ್ಟ್ ತೆಗೆದು ಸ್ಪಿಂಡಲ್ ಕೈಯಲ್ಲಿ ಸುತ್ತಿದೆ, ಬೇರಿಂಗ್ ಸದ್ದು ಮಾಡಲಿಲ್ಲ. ಟೇಬಲ್ಲಿನಲ್ಲಿ ಯಾರೋ ಕೊರೆದ ಏಳೆಂಟು ತೂತು, ಅದರ ಮೇಲೆ ಹಲಗೆ ಹಾಕಿಕೊಂಡರಾಯಿತು. ಮೋಟರ್ ಮಾತ್ರ ಗುಂಯ್ ಅಂದು ತಿರುಗಲಿಲ್ಲ, ಕೈಯಲ್ಲಿ ತಳ್ಳಿದರೆ ತಿರುಗಿತು, ಅಂದರೆ ಬಹುಶಃ ಕೆಪಾಸಿಟರ್ ಹೋಗಿದೆ, ಅದಕ್ಕೆ ಜಾಸ್ತಿ ಖರ್ಚಿಲ್ಲ. ಐದೂವರೆ ಸಾವಿರಕ್ಕೆ ಮಾತಾಡಿ ತಗೋ ಅಂದೆ. ದುಡ್ಡು ಕೊಡುವ ಮುಂಚೆ ಮನೆಗೆ ಹೋಗಿ ಸ್ಟೂಲ್ ಇಟ್ಟು, ಹಲಗೆ ಎರಡೂ ಕಡೆ ಜರುಗಿಸಿ ನೋಡಿ ಬಾ ಅಂತಲೂ ಅಂದೆ.